ಗುಳೆ ಹೋದ ಒಂದು ವರ್ಷ: ವೈದ್ಯಕೀಯ ಸೀಟಿನ ಅರ್ಹತಾ ನಿಯಮಗಳು ಒಂದಕ್ಕೊಂದು ಅಡ್ಡ ಬರುವ ಬಗೆ

ರಾಯಚೂರು ಜಿಲ್ಲೆಯ ತಾಂಡಾವೊಂದರ ಹುಡುಗಿ ತನ್ನ ದಾಖಲೆಗಳನ್ನೆಲ್ಲ ಬೀಜದಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ನನ್ನ ಬಳಿ ಬಂದಿದ್ದಳು. ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನನಗೆ ಅರ್ಜಿ ತುಂಬುವ ದಿನಗಳು ಬಂತೆಂದರೆ ಪಾಠಕ್ಕಿಂತ ಇದೇ ಕೆಲಸ ಹೆಚ್ಚು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎ ಅರ್ಜಿಯ ಒಂದೊಂದು ಅಂಕಣವನ್ನೂ ಮಕ್ಕಳ ಜೊತೆ ಕೂತು ಓದಬೇಕು, ಯಾವ ಪ್ರಮಾಣಪತ್ರ ಯಾವ ಕಚೇರಿಯಲ್ಲಿ ಸಿಗುತ್ತದೆ ಎಂದು ಹೇಳಬೇಕು. ಅವಳ ಚೀಲದಲ್ಲಿ ನಾಡಕಚೇರಿಯ ಜಾತಿ ಪ್ರಮಾಣಪತ್ರ ಇತ್ತು. ಕಲ್ಯಾಣ ಕರ್ನಾಟಕದ ಸ್ಥಳೀಯಳು ಎಂದು ಸಹಾಯಕ ಆಯುಕ್ತರು ಕೊಟ್ಟ 371(ಜೆ) ಪತ್ರ ಇತ್ತು. ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಪತ್ರ ಇತ್ತು. ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ ಮಾತ್ರ ಇರಲಿಲ್ಲ.

ಕಾರಣ, ನಾಲ್ಕನೇ ತರಗತಿಯನ್ನು ಅವಳು ಬೆಂಗಳೂರಿನ ಸರ್ಕಾರಿ ಶಾಲೆಯೊಂದರಲ್ಲಿ ಓದಿದ್ದಳು. ಆ ವರ್ಷ ಮಳೆ ಕೈಕೊಟ್ಟಿತ್ತು, ಅಪ್ಪ ಅವ್ವ ಕಟ್ಟಡ ಕೆಲಸಕ್ಕೆ ಗುಳೆ ಹೋಗಿದ್ದರು, ಮಗಳನ್ನು ಜೊತೆಗೆ ಕರೆದೊಯ್ದಿದ್ದರು. ಮರುವರ್ಷ ಊರಿಗೆ ಮರಳಿ ಅದೇ ತಾಂಡಾದ ಶಾಲೆಗೆ ಸೇರಿಸಿದರು. ಗ್ರಾಮೀಣ ಮೀಸಲಾತಿಯ ನಿಯಮ ಕೇಳುವುದು ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು ಎಂದು. ಅವಳ ಲೆಕ್ಕದಲ್ಲಿ ಒಂಬತ್ತೇ ಇದ್ದವು.

‘ಸರ್, ಬೆಂಗಳೂರಿನಲ್ಲಿ ನಾವು ಇದ್ದದ್ದು ತಗಡಿನ ಶೆಡ್ಡಿನಲ್ಲಿ. ಅದರಿಂದ ನಾನು ಪಟ್ಟಣದವಳಾದೆನೇ?’ ಎಂದು ಕೇಳಿದಳು.

ನನ್ನ ಬಳಿ ಉತ್ತರ ಇರಲಿಲ್ಲ. ಈ ಲೇಖನವನ್ನು ಬರೆಯುತ್ತಿರುವುದು ಆ ಪ್ರಶ್ನೆಯ ಋಣ ತೀರಿಸಲು.

ಹಿಂದುಳಿದ ಮಕ್ಕಳ ವೈದ್ಯಕೀಯ ಪ್ರವೇಶದ ಮಾತು ಬಂದಾಗಲೆಲ್ಲ ಚರ್ಚೆ ಅಂಕಗಳ ಸುತ್ತಲೇ ತಿರುಗುತ್ತದೆ. ‘ಅವರಿಗೆ ಇಷ್ಟು ಅಂಕ ಸಾಕಂತೆ, ನಮಗೆ ಅಷ್ಟು ಬೇಕಂತೆ’ ಎಂಬ ಮಾತು ಬಸ್ ನಿಲ್ದಾಣದಿಂದ ಮದುವೆ ಮನೆಯವರೆಗೆ ಕೇಳಿಸುತ್ತದೆ. ಅರ್ಹತೆಯ ಅಳತೆಗಳಲ್ಲಿ ಘರ್ಷಣೆ ಇರುವುದು ನಿಜ. ಆದರೆ ಅದು ಇರುವ ಜಾಗ ಬೇರೆ. ಯಾರು ಅವಕಾಶವಂಚಿತರು ಎಂದು ಗುರುತಿಸುವ ಕೆಲಸವನ್ನು ನಾವು ಐದಾರು ಇಲಾಖೆಗಳಿಗೆ ಹಂಚಿಕೊಟ್ಟಿದ್ದೇವೆ. ಒಂದು ಇಲಾಖೆ ಹುಟ್ಟಿದ ಊರನ್ನು ನೋಡುತ್ತದೆ, ಇನ್ನೊಂದು ಶಾಲೆ ಇರುವ ಊರನ್ನು, ಮತ್ತೊಂದು ಜಾತಿ ಪಟ್ಟಿಯನ್ನು, ಮಗದೊಂದು ಹೊಲದ ಎಕರೆಯನ್ನು. ಇವೆಲ್ಲವೂ ಒಂದು ಮಾತನ್ನು ಮೊದಲೇ ನಂಬಿಕೊಂಡು ಹೊರಟಿವೆ: ಬಡವರು ಇದ್ದಲ್ಲೇ ಇರುತ್ತಾರೆ ಎಂದು. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿಯ ಬಡವರು ಇದ್ದಲ್ಲಿ ಇರುವವರಲ್ಲ.

ಮೊದಲು ಅಂಕಗಳ ವಿಷಯ ಮುಗಿಸುತ್ತೇನೆ, ಏಕೆಂದರೆ ಅಲ್ಲಿರುವ ತಪ್ಪು ತಿಳಿವಳಿಕೆ ಉಳಿದ ಮಾತಿಗೆ ಎಡೆ ಕೊಡುವುದಿಲ್ಲ. ವೈದ್ಯಕೀಯ ಪ್ರವೇಶಕ್ಕೆ ದೇಶಕ್ಕೆಲ್ಲ ಒಂದೇ ಪರೀಕ್ಷೆಯಾದ ನೀಟ್‌ನಲ್ಲಿ ಅರ್ಹತೆ ಎಂದರೆ ಶೇಕಡಾವಾರು ಅಂಕವಲ್ಲ, ಪರ್ಸೆಂಟೈಲ್. ಸಾಮಾನ್ಯ ವರ್ಗಕ್ಕೆ 50, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಕ್ಕೆ 40. ಐವತ್ತನೇ ಪರ್ಸೆಂಟೈಲ್ ಎಂದರೆ ಪರೀಕ್ಷೆ ಬರೆದವರಲ್ಲಿ ಅರ್ಧದಷ್ಟು ಜನರಿಗಿಂತ ಮುಂದೆ ಇರುವುದು, ಅಷ್ಟೇ. ಅದು ಎಷ್ಟು ಅಂಕವಾಗುತ್ತದೆ ಎಂಬುದು ಆ ವರ್ಷದ ಪ್ರಶ್ನೆಪತ್ರಿಕೆಯನ್ನು ಅವಲಂಬಿಸಿದೆ. 2025ರಲ್ಲಿ 720ಕ್ಕೆ ಸಾಮಾನ್ಯ ವರ್ಗದ ಗಡಿ 144, ಮೀಸಲು ವರ್ಗಗಳದ್ದು 113. 2024ರಲ್ಲಿ 162 ಮತ್ತು 127. 2022ರಲ್ಲಿ 117 ಮತ್ತು 93. ಈ ಮೂರು ಸಾಲುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. 2022ರಲ್ಲಿ 117 ಅಂಕ ಪಡೆದ ಸಾಮಾನ್ಯ ವರ್ಗದ ವಿದ್ಯಾರ್ಥಿ ಅರ್ಹನಾದ. ಎರಡೇ ವರ್ಷದ ನಂತರ 120 ಅಂಕ ಪಡೆದ ಪರಿಶಿಷ್ಟ ಜಾತಿಯ ವಿದ್ಯಾರ್ಥಿ ಅನರ್ಹನಾದ. ಮೀಸಲಾತಿ ಗುಣಮಟ್ಟವನ್ನು ಕೆಡಿಸುತ್ತದೆ ಎಂದು ಹೇಳುವವರು ಈ ಎರಡು ಸಂಖ್ಯೆಗಳಿಗೆ ಉತ್ತರ ಹುಡುಕಬೇಕು.

ಅದಕ್ಕಿಂತ ಮುಖ್ಯವಾದದ್ದು, ಈ ಗಡಿ ದಾಟಿದವರಿಗೆಲ್ಲ ಸೀಟು ಸಿಗುವುದಿಲ್ಲ. ಇದು ಕೌನ್ಸೆಲಿಂಗ್ ಎಂಬ ಬಾಗಿಲ ಹೊಸ್ತಿಲು ಮಾತ್ರ. ಸರ್ಕಾರಿ ಕಾಲೇಜಿನ ಸೀಟು ಯಾವ ವರ್ಗದಲ್ಲೇ ಆಗಲಿ ಇದಕ್ಕಿಂತ ಎಷ್ಟೋ ಮೇಲಿನ ಅಂಕಕ್ಕೆ ಮುಗಿದುಹೋಗುತ್ತದೆ. ಹೊಸ್ತಿಲಿನ ಅಂಕವನ್ನಷ್ಟೇ ಹಿಡಿದುಕೊಂಡು ಸೀಟು ಪಡೆಯಬಲ್ಲವರು ಖಾಸಗಿ ಕಾಲೇಜಿನ ದೊಡ್ಡ ಶುಲ್ಕ ಕಟ್ಟಬಲ್ಲವರು. ತಾಂಡಾದ ಹುಡುಗಿಗೆ 113ರಿಂದ ಏನೂ ಲಾಭವಿಲ್ಲ.

ನ್ಯಾಯಾಲಯಗಳೂ ಈ ಅಂಕದ ವಿಷಯದಲ್ಲಿ ಎರಡು ದಿಕ್ಕಿಗೆ ನಡೆದಿವೆ. ಮಧ್ಯಪ್ರದೇಶ ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಪ್ರವೇಶ ಪರೀಕ್ಷೆಯ ಕನಿಷ್ಠ ಅಂಕವನ್ನೇ ತೆಗೆದುಹಾಕಿದ್ದನ್ನು 1981ರ ನಿವೇದಿತಾ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. 1999ರ ಪ್ರೀತಿ ಶ್ರೀವಾಸ್ತವ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಆ ನಿಲುವನ್ನು ತಳ್ಳಿಹಾಕಿತು. ಉತ್ತರ ಪ್ರದೇಶ ಸ್ನಾತಕೋತ್ತರ ಪ್ರವೇಶಕ್ಕೆ ಸಾಮಾನ್ಯರಿಗೆ ಶೇ 45, ಮೀಸಲು ವರ್ಗಕ್ಕೆ ಶೇ 20 ಎಂದು ನಿಗದಿ ಮಾಡಿತ್ತು. ಇಷ್ಟು ಅಂತರ ಸಲ್ಲದು ಎಂದಿತು ಪೀಠ. ಇಂದಿನ 50 ಮತ್ತು 40ರ ನಡುವಿನ ಚಿಕ್ಕ ಅಂತರವನ್ನು ನೋಡುವಾಗ ಆ ತೀರ್ಪನ್ನು ನೆನಪಿಡಬೇಕು. ಅಂಕದ ವ್ಯಾಜ್ಯ ಬಹುಪಾಲು ಅಲ್ಲಿಗೆ ಮುಗಿದಿದೆ. ಮುಗಿಯದೆ ಉಳಿದದ್ದು ‘ಯಾರಿಗೆ’ ಎಂಬ ಪ್ರಶ್ನೆ.

ಆ ಪ್ರಶ್ನೆಗೆ ನಮ್ಮ ಈ ಮೂರು ಜಿಲ್ಲೆಗಳಲ್ಲಿ ಹಳೆಯ ಬೇರುಗಳಿವೆ. ವೈದ್ಯಕೀಯ ಸೀಟಿನ ಸುತ್ತ ದೇಶದ ಮೊದಲ ದೊಡ್ಡ ಮೀಸಲಾತಿ ವ್ಯಾಜ್ಯ ನಡೆದಾಗ ಬಳ್ಳಾರಿ ಮದ್ರಾಸ್ ರಾಜ್ಯದಲ್ಲಿತ್ತು. ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತು, ಕೊಪ್ಪಳ ಇನ್ನೂ ರಾಯಚೂರಿನ ಭಾಗವಾಗಿತ್ತು. ಮದ್ರಾಸ್ ಸರ್ಕಾರ ಪ್ರತಿ 14 ಸೀಟಿನಲ್ಲಿ ಆರು ಬ್ರಾಹ್ಮಣೇತರ ಹಿಂದೂಗಳಿಗೆ, ಎರಡು ಹಿಂದುಳಿದ ಹಿಂದೂಗಳಿಗೆ, ಎರಡು ಬ್ರಾಹ್ಮಣರಿಗೆ, ಎರಡು ಹರಿಜನರಿಗೆ, ಒಂದು ಆಂಗ್ಲೋ ಇಂಡಿಯನ್ ಮತ್ತು ಕ್ರೈಸ್ತರಿಗೆ, ಒಂದು ಮುಸ್ಲಿಮರಿಗೆ ಎಂದು ಹಂಚಿತ್ತು. 1951ರ ಚಂಪಕಂ ದೊರೈರಾಜನ್ ತೀರ್ಪು ಅದನ್ನು ರದ್ದುಪಡಿಸಿತು, ಅದೇ ವರ್ಷ ಸಂವಿಧಾನದ ಮೊದಲ ತಿದ್ದುಪಡಿಯ ಮೂಲಕ ಹಿಂದುಳಿದವರಿಗೆ ವಿಶೇಷ ಅವಕಾಶ ಕಲ್ಪಿಸಲು ಬಿಡುವ 15(4) ವಿಧಿ ಬಂತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯ ಸೇರಿತು, ಅದರ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. 1961ರಲ್ಲಿ ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಮರುವರ್ಷ ಜುಲೈನಲ್ಲಿ ಮೈಸೂರು ಸರ್ಕಾರ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ 68ರಷ್ಟು ಮೀಸಲಾತಿ ಪ್ರಕಟಿಸಿತು. ಬಾಲಾಜಿ ಪ್ರಕರಣದಲ್ಲಿ ಎರಡೇ ತಿಂಗಳಲ್ಲಿ ಅದೂ ರದ್ದಾಯಿತು. ಬಳಿಕ ಸರ್ಕಾರ ಜಾತಿಯನ್ನು ಬದಿಗಿಟ್ಟು ಕುಟುಂಬದ ಆದಾಯ ವರ್ಷಕ್ಕೆ 1,200 ರೂಪಾಯಿ ಮೀರಬಾರದು, ಕಸುಬು ಬೇಸಾಯವೋ ಸಣ್ಣ ವ್ಯಾಪಾರವೋ ಕೈಕೆಲಸವೋ ಆಗಿರಬೇಕು ಎಂಬ ಅಳತೆ ತಂದಿತು. 1964ರ ಚಿತ್ರಲೇಖಾ ತೀರ್ಪಿನಲ್ಲಿ ಅದು ಗೆದ್ದಿತು.

ಇಷ್ಟು ಇತಿಹಾಸ ಹೇಳಿದ್ದಕ್ಕೆ ಕಾರಣವಿದೆ. ಜಾತಿಯೋ, ಆದಾಯವೋ, ಕಸುಬೋ, ಪ್ರದೇಶವೋ ಎಂಬ ಪ್ರಶ್ನೆಗೆ ಪ್ರತಿ ಕಾಲವೂ ಒಂದೊಂದು ಉತ್ತರ ಕೊಟ್ಟಿತು. ಹೊಸ ಉತ್ತರ ಬಂದಾಗ ಹಳೆಯದರ ಜೊತೆ ಅದನ್ನು ಹೊಂದಿಸುವ ಕೆಲಸವನ್ನು ಯಾರೂ ಮಾಡಲಿಲ್ಲ, ಮೇಲೆ ಇನ್ನೊಂದು ಪದರ ಕಟ್ಟಿದರು. ಇಂದು ಕೆಇಎ ಸೀಟು ಪಟ್ಟಿಯಲ್ಲಿ ‘ಎಸ್‌ಸಿಆರ್‌ಎಚ್’ ಎಂಬ ಸಂಕೇತ ಕಾಣುತ್ತದೆ. ಪರಿಶಿಷ್ಟ ಜಾತಿ, ಗ್ರಾಮೀಣ, ಹೈದರಾಬಾದ್ ಕರ್ನಾಟಕ (ಕಲ್ಯಾಣ ಕರ್ನಾಟಕದ ಹಳೆಯ ಹೆಸರು): ಮೂರು ಕಾಲದ ಮೂರು ಪದರಗಳು ನಾಲ್ಕೇ ಅಕ್ಷರಗಳಲ್ಲಿ. ನಮ್ಮ ಹುಡುಗಿಯ ಸಂಕೇತದಿಂದ ಬಿದ್ದುಹೋದದ್ದು ನಡುವಿನ ‘ಆರ್’.

ಸ್ಥಳದ ನಿಯಮಗಳೇ ಮೂರು ಇವೆ. ಮೊದಲನೆಯದು ಕರ್ನಾಟಕದವರೆಂದು ಸಾಬೀತುಪಡಿಸುವುದು. ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಹನ್ನೆರಡು ವರ್ಷಗಳಲ್ಲಿ ಏಳು ವರ್ಷ ರಾಜ್ಯದಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿಯನ್ನು ಇಲ್ಲಿ ಮುಗಿಸಿರಬೇಕು ಎಂಬುದು ಅದರ ಮುಖ್ಯ ದಾರಿ. ಇದರಲ್ಲಿ ಐದು ವರ್ಷದ ಸಡಿಲಿಕೆ ಇದೆ. ಪುಣೆಗೋ ಗೋವಾಕ್ಕೋ ಹೈದರಾಬಾದಿಗೋ ದುಡಿಯಲು ಹೋದವರ ಮಗು ಕೆಲವು ವರ್ಷ ಹೊರಗೆ ಓದಿ ಬಂದರೂ ಈ ನಿಯಮ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ.

ಎರಡನೆಯದು 371(ಜೆ). 2012ರಲ್ಲಿ ಸಂಸತ್ತು ಅಂಗೀಕರಿಸಿದ ಸಂವಿಧಾನ ತಿದ್ದುಪಡಿ, 2013ರ ಪ್ರವೇಶಾತಿ ಆದೇಶ. ಈ ಭಾಗದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗೆ, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8. ಬಳ್ಳಾರಿ, ರಾಯಚೂರು ಅಥವಾ ಕೊಪ್ಪಳದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ನೂರು ಸೀಟಿದ್ದರೆ 15 ದೇಶದ ಎಲ್ಲ ಕಡೆಯವರಿಗೂ ತೆರೆದಿರುವ ಅಖಿಲ ಭಾರತ ಪಾಲಿಗೆ ಹೋಗುತ್ತವೆ, ಉಳಿದ 85ರಲ್ಲಿ ಸುಮಾರು 60 ನಮ್ಮ ಮಕ್ಕಳಿಗೆ ಉಳಿಯುತ್ತವೆ. ಈ ಭಾಗದ ಮಕ್ಕಳ ಬದುಕನ್ನು ಇದರಷ್ಟು ಬದಲಿಸಿದ ಕಾನೂನು ಇನ್ನೊಂದಿಲ್ಲ ಎಂದು ನಾನು ತರಗತಿಯಲ್ಲಿ ನಿಂತು ನೋಡಿ ಹೇಳುತ್ತಿದ್ದೇನೆ. ಆದರೆ ಇದು ನೋಡುವುದು ಹುಟ್ಟನ್ನು, ದೀರ್ಘ ವಾಸವನ್ನು, ತಂದೆ ತಾಯಿ ಇಲ್ಲಿಯವರೇ ಎಂಬುದನ್ನು. ಓದಿದ್ದು ಎಲ್ಲಿ ಎಂದು ಕೇಳುವುದಿಲ್ಲ. ಇಲ್ಲಿ ಹುಟ್ಟಿ ಬೆಂಗಳೂರಿನ ದೊಡ್ಡ ಶಾಲೆಯಲ್ಲಿ ಓದಿದ ಮಗುವೂ ಸ್ಥಳೀಯ, ದೇವದುರ್ಗದ ಏಕೋಪಾಧ್ಯಾಯ ಶಾಲೆಯಲ್ಲಿ ಓದಿದ ಮಗುವೂ ಸ್ಥಳೀಯ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ತಾಲ್ಲೂಕುವಾರು ಅಳೆದು ರಾಜ್ಯದಲ್ಲಿ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತ್ತು, ಅವುಗಳಲ್ಲಿ 21 ಆಗಿನ ಗುಲ್ಬರ್ಗಾ ವಿಭಾಗದವು. ತಾಲ್ಲೂಕು ತಾಲ್ಲೂಕಿಗೂ ವ್ಯತ್ಯಾಸವಿದೆ ಎಂದು ಸರ್ಕಾರದ ಬಳಿಯೇ ಲೆಕ್ಕವಿದೆ. ಸೀಟಿನ ನಿಯಮ ಮಾತ್ರ ಏಳು ಜಿಲ್ಲೆಗಳನ್ನು ಒಂದೇ ಬಣ್ಣದಲ್ಲಿ ನೋಡುತ್ತದೆ.

ಮೂರನೆಯದು ಗ್ರಾಮೀಣ ಮೀಸಲಾತಿ. ಪ್ರತಿ ವರ್ಗದೊಳಗೆ ಶೇ 15. ಕನ್ನಡ ಮಾಧ್ಯಮಕ್ಕೆ ಇದೇ ರೀತಿ ಶೇ 5. ಏಳು ವರ್ಷದ ನಿಯಮದಲ್ಲಿ ಐದು ವರ್ಷದ ಸಡಿಲಿಕೆ ಇದ್ದರೆ ಇಲ್ಲಿ ಒಂದು ವರ್ಷದ್ದೂ ಇಲ್ಲ. ಅದು ನೋಡುವುದು ಶಾಲೆ ಇರುವ ಜಾಗವನ್ನು, ಮಗು ಮಲಗಿ ಏಳುವ ಮನೆಯನ್ನಲ್ಲ. ಬಳ್ಳಾರಿ ನಗರದಲ್ಲೇ ಮನೆಯಿದ್ದು, ಊರ ಹೊರಗೆ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿರುವ ಖಾಸಗಿ ಇಂಗ್ಲಿಷ್ ಶಾಲೆಗೆ ಹತ್ತು ವರ್ಷ ಶಾಲಾ ಬಸ್ಸಿನಲ್ಲಿ ಹೋಗಿ ಬಂದ ಮಗು ಆದಾಯದ ಮಿತಿ ದಾಟದಿದ್ದರೆ ಗ್ರಾಮೀಣ ಅಭ್ಯರ್ಥಿ. ರಾಯಚೂರಿನ ಕೊಳೆಗೇರಿಯಲ್ಲಿ ಬೆಳೆದು ಮುನ್ಸಿಪಲ್ ಮಿತಿಯೊಳಗಿನ ಸರ್ಕಾರಿ ಶಾಲೆಯಲ್ಲಿ ಓದಿದ ಹಮಾಲರ ಮಗ ಗ್ರಾಮೀಣನಲ್ಲ. ಅವನು ಪಟ್ಟಣದವನು ಎಂಬುದನ್ನು ಒಪ್ಪೋಣ. ಅವನ ಶಾಲೆಯ ಬಡತನವನ್ನು ಲೆಕ್ಕಕ್ಕೆ ಹಿಡಿಯುವ ಬೇರೊಂದು ಅಂಕಣ ಅರ್ಜಿಯಲ್ಲಿ ಇದೆಯೇ ಎಂದರೆ, ಇಲ್ಲ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಹಳ್ಳಿಯ ಜಾಣ ಮಕ್ಕಳನ್ನು ಐದನೇ ತರಗತಿ ಮುಗಿಯುವಾಗ ಪರೀಕ್ಷೆ ಮಾಡಿ ಆರಿಸಿ, ಆರನೇ ತರಗತಿಗೆ ಆದರ್ಶ ವಿದ್ಯಾಲಯಕ್ಕೋ ವಸತಿ ಶಾಲೆಗೋ ಕಳಿಸುವುದು ಸರ್ಕಾರವೇ. ಅದು ಒಳ್ಳೆಯ ಕೆಲಸ. ಆದರೆ ಆದರ್ಶ ವಿದ್ಯಾಲಯ ಇಂಗ್ಲಿಷ್ ಮಾಧ್ಯಮ. ಅಲ್ಲಿಗೆ ಸೇರಿದ ದಿನವೇ ಮಗು ಕನ್ನಡ ಮಾಧ್ಯಮದ ಶೇ 5ರಿಂದ ಹೊರಬಿದ್ದಿತು. ಆ ಶಾಲೆಯ ಕಟ್ಟಡ ಪಟ್ಟಣದ ಮಿತಿಯೊಳಗೆ ಇದ್ದರೆ ಗ್ರಾಮೀಣದ ಶೇ 15 ಕೂಡ ಹೋಯಿತು. ಹತ್ತು ವರ್ಷದ ಬಾಲೆಯ ಕೈಗೆ ಆಯ್ಕೆ ಪತ್ರ ಕೊಡುವಾಗ, ‘ತಾಯಿ, ಇದನ್ನು ತೆಗೆದುಕೊಂಡರೆ ಏಳು ವರ್ಷದ ನಂತರ ಎರಡು ಬಾಗಿಲು ಮುಚ್ಚುತ್ತವೆ’ ಎಂದು ಹೇಳುವವರು ಯಾರು? ಅವಳ ಅಪ್ಪನಿಗೆ ಗೊತ್ತಿಲ್ಲ. ಆಯ್ಕೆ ಮಾಡಿದ ಶಿಕ್ಷಕರಿಗೂ ಗೊತ್ತಿರುವುದಿಲ್ಲ. ಏಳು ವರ್ಷದ ನಂತರ ನನ್ನ ಮುಂದೆ ಕೂತಾಗ ಗೊತ್ತಾಗುತ್ತದೆ. ಊರುಗಳೂ ಬದಲಾಗುತ್ತವೆ. ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರ, ಯಲಬುರ್ಗಾದ ಕಡೆಯ ಕುಕನೂರು ಇಂದು ಪಟ್ಟಣ ಪಂಚಾಯಿತಿಗಳು. ನಾಮಫಲಕ ಬದಲಾದ ಮಾತ್ರಕ್ಕೆ ಅಲ್ಲಿನ ಶಾಲೆಗೆ ಪ್ರಯೋಗಾಲಯ ಬಂದುಬಿಡುವುದಿಲ್ಲ.

ಜಾತಿ ಪಟ್ಟಿಗಳ ಘರ್ಷಣೆ ಇನ್ನೊಂದು ಬಗೆಯದು. ರಾಜ್ಯದಲ್ಲಿ ಪರಿಶಿಷ್ಟ ಜಾತಿಗೆ ಶೇ 17, ಪಂಗಡಕ್ಕೆ ಶೇ 7 ಎಂದು 2022ರಲ್ಲಿ ಏರಿಸಲಾಯಿತು. ಹಿಂದುಳಿದವರಿಗೆ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂಬ ಮನೆಗಳಿವೆ. ಅಖಿಲ ಭಾರತ ಪಾಲಿನ ಶೇ 15 ಸೀಟುಗಳಿಗೆ ಬಂದರೆ ಈ ಮನೆಗಳು ಯಾವುವೂ ಇಲ್ಲ. ಅಲ್ಲಿ 2021ರಿಂದ ಹಿಂದುಳಿದವರಿಗೆ ಶೇ 27, ಆರ್ಥಿಕವಾಗಿ ದುರ್ಬಲ ವರ್ಗಕ್ಕೆ ಶೇ 10. ಆದರೆ ಹಿಂದುಳಿದವರು ಎಂದರೆ ಕೇಂದ್ರದ ಪಟ್ಟಿಯಲ್ಲಿ ಇರುವವರು. ನೀಟ್ ಅರ್ಜಿಯ ಸೂಚನೆಯೇ ಹೇಳುತ್ತದೆ, ರಾಜ್ಯದ ಪಟ್ಟಿಯಲ್ಲಿದ್ದು ಕೇಂದ್ರದ ಪಟ್ಟಿಯಲ್ಲಿ ಇಲ್ಲದವರು ತಮ್ಮನ್ನು ಸಾಮಾನ್ಯ ವರ್ಗ ಎಂದು ನಮೂದಿಸಬೇಕು ಎಂದು. ರಾಜ್ಯದಲ್ಲಿ 3ಬಿ ಆಗಿರುವ ಲಿಂಗಾಯತ ಕುಟುಂಬಗಳು ಬಹಳಷ್ಟು ಕೇಂದ್ರದ ಪಟ್ಟಿಯಲ್ಲಿಲ್ಲ. ಕುಷ್ಟಗಿಯ ಒಣಬೇಸಾಯದ ಲಿಂಗಾಯತ ರೈತರ ಮಗ ಕೆಇಎ ಮುಂದೆ ಹಿಂದುಳಿದವನು, ಕೇಂದ್ರದ ಮುಂದೆ ಸಾಮಾನ್ಯ.

ಹಾಗಾದರೆ ಆರ್ಥಿಕ ದುರ್ಬಲ ವರ್ಗದಲ್ಲಿ ಹೋಗಲಿ ಎಂದರೆ ಅಲ್ಲಿ ಐದು ಎಕರೆಯ ಕಟ್ಟು ಇದೆ. ಕುಟುಂಬದ ಆದಾಯ ಎಂಟು ಲಕ್ಷದೊಳಗೆ ಇದ್ದರೂ ಐದು ಎಕರೆ ಅಥವಾ ಹೆಚ್ಚು ಕೃಷಿಭೂಮಿ ಇದ್ದರೆ ಅನರ್ಹ. ಐದು ಎಕರೆ ಎಂದರೆ ಏನು ಎಂದು ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಗಂಗಾವತಿ, ಸಿಂಧನೂರಿನ ಐದು ಎಕರೆ ಗದ್ದೆ ಒಂದು. ಕುಷ್ಟಗಿ, ಯಲಬುರ್ಗಾದ ಮಸಾರಿ ನೆಲದ ಐದು ಎಕರೆ ಇನ್ನೊಂದು. ಅಲ್ಲಿ ಒಂದು ಹದ ಮಳೆ ತಪ್ಪಿದರೆ ಬಿತ್ತಿದ ಸಜ್ಜೆ ಹೊಟ್ಟೆಗೂ ಸಾಲುವುದಿಲ್ಲ. ನಿಯಮಕ್ಕೆ ಎರಡೂ ಒಂದೇ. 2021ರ ಕೊನೆಯಲ್ಲಿ ಈ ಮಾನದಂಡಗಳನ್ನು ಮರುಪರಿಶೀಲಿಸಿದ ಅಜಯ್ ಭೂಷಣ್ ಪಾಂಡೆ ಸಮಿತಿ ಮನೆ, ನಿವೇಶನದ ಅಳತೆಗಳನ್ನು ಕೈಬಿಡಬಹುದು ಎಂದಿತು, ಐದು ಎಕರೆಯನ್ನು ಮಾತ್ರ ಉಳಿಸಿಕೊಳ್ಳಬೇಕು ಎಂದಿತು. ಒಣಭೂಮಿಯ ರೈತರ ಮಕ್ಕಳಿಗೆ ಆ ಸಮಿತಿ ಅನ್ಯಾಯ ಮಾಡಿತು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಂಟು ಲಕ್ಷ ಎಂಬ ಅಂಕಿಯೂ ಒಂದೇ ಅರ್ಥದ್ದಲ್ಲ. ಕೇಂದ್ರದ ಹಿಂದುಳಿದ ವರ್ಗಗಳ ಕೆನೆಪದರ, ಅಂದರೆ ಅನುಕೂಲಸ್ಥರೆಂದು ಮೀಸಲಾತಿಯಿಂದ ಹೊರಗಿಡುವವರ ಲೆಕ್ಕದಲ್ಲಿ ಸಂಬಳವೂ ಕೃಷಿ ಆದಾಯವೂ ಸೇರುವುದಿಲ್ಲ, ಮೂರು ವರ್ಷ ಸತತವಾಗಿ ಮಿತಿ ದಾಟಿರಬೇಕು. ಆರ್ಥಿಕ ದುರ್ಬಲ ವರ್ಗದ ಲೆಕ್ಕದಲ್ಲಿ ಎಲ್ಲವೂ ಸೇರುತ್ತದೆ, ಒಂದೇ ವರ್ಷದ್ದು ಸಾಕು. ಸೀಟು ಸಿಕ್ಕ ಮೇಲೆ ಪರಿಶಿಷ್ಟರಿಗೆ ಬರುವ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಮಿತಿ ಎರಡೂವರೆ ಲಕ್ಷ. ಸೀಟಿಗೆ ಅರ್ಹ, ಶುಲ್ಕದ ನೆರವಿಗೆ ಅನರ್ಹ ಎನ್ನಿಸಿಕೊಳ್ಳುವ ಮಕ್ಕಳು ಈ ನಡುವಿನ ಜಾಗದಲ್ಲಿದ್ದಾರೆ: ಕಂಡಕ್ಟರ್ ಮಗಳು, ಆಸ್ಪತ್ರೆಯ ಡಿ ಗ್ರೂಪ್ ನೌಕರನ ಮಗ.

ಗಡಿಯ ಕಡೆಗೆ ಹೋದರೆ ಪಟ್ಟಿಗಳ ಘರ್ಷಣೆ ಮನೆಯೊಳಗೇ ಕಾಣುತ್ತದೆ. ಲಂಬಾಣಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಬೇಡ, ನಾಯಕ, ವಾಲ್ಮೀಕಿ ಹೆಸರುಗಳು 1991ರ ಕಾಯ್ದೆಯಿಂದ ಕರ್ನಾಟಕದ ಪಂಗಡ ಪಟ್ಟಿಗೆ ಸೇರಿದವು. ಗಡಿ ದಾಟಿದರೆ ರಾಯಲಸೀಮೆಯ ಬೋಯರು ಹಿಂದುಳಿದ ವರ್ಗದಲ್ಲಿದ್ದಾರೆ. ಬಳ್ಳಾರಿಯ ನಾಯಕ ಕುಟುಂಬಗಳಿಗೂ ಆದವಾನಿ, ರಾಯದುರ್ಗದ ಬೋಯ ಕುಟುಂಬಗಳಿಗೂ ಹೆಣ್ಣು ಕೊಟ್ಟು ತರುವ ಸಂಬಂಧಗಳಿವೆ. ಒಂದೇ ಅಜ್ಜಿಯ ಇಬ್ಬರು ಮೊಮ್ಮಕ್ಕಳಿಗೆ ಎರಡು ವರ್ಗ. ಇಲ್ಲಿನ ಸುಪ್ರೀಂ ಕೋರ್ಟ್ ತೀರ್ಪೂ ವೈದ್ಯಕೀಯ ಸೀಟಿನದ್ದೇ. ಆಂಧ್ರದಲ್ಲಿ ಪಂಗಡಕ್ಕೆ ಸೇರಿದ್ದ ಕುಟುಂಬವೊಂದು ತಂದೆಯ ನೌಕರಿಯ ಕಾರಣ ಮುಂಬೈಗೆ ಹೋಯಿತು, ಮಗ ಅಲ್ಲಿ ಎಂಬಿಬಿಎಸ್‌ಗೆ ಅರ್ಜಿ ಹಾಕಿದ. ವಲಸೆ ಹೋದ ರಾಜ್ಯದಲ್ಲಿ ಹುಟ್ಟೂರಿನ ಪಂಗಡದ ಹಕ್ಕು ಸಿಗದು ಎಂದು 1990ರ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ನ್ಯಾಯಾಲಯ ಹೇಳಿತು. ಪ್ರತಿ ರಾಜ್ಯದ ಪಟ್ಟಿ ಆ ರಾಜ್ಯದ ಸಾಮಾಜಿಕ ಸ್ಥಿತಿಗೆ ತಕ್ಕಂತೆ ಮಾಡಿದ್ದು ಎಂಬ ಅದರ ತರ್ಕ ಮುಂಬೈಗೆ ಒಪ್ಪಬಹುದು. ನಡುವೆ ಒಂದು ಹಳ್ಳ ಮಾತ್ರ ಇರುವ ಎರಡು ಊರುಗಳಿಗೆ ಒಪ್ಪುವುದಿಲ್ಲ. 1953ರಲ್ಲಿ ಆಂಧ್ರಕ್ಕೆ ಹೋದ ಮೂರು ತಾಲ್ಲೂಕುಗಳ ಕನ್ನಡ ಮಕ್ಕಳಿಗೆ ಕೆಇಎ ‘ಗಡಿನಾಡ ಕನ್ನಡಿಗ’ ಎಂಬ ಕಿಟಕಿ ತೆರೆದಿಟ್ಟಿದೆ. ಆ ಕಿಟಕಿ ಭಾಷೆಯನ್ನು ನೋಡುತ್ತದೆ, ಜಾತಿ ಪಟ್ಟಿಯನ್ನಲ್ಲ.

ಅಂಗವಿಕಲ ಮಕ್ಕಳ ವಿಷಯ ಪ್ರತ್ಯೇಕ ಲೇಖನಕ್ಕೆ ಸಲ್ಲಬೇಕಾದದ್ದು. ‘ಎರಡೂ ಕೈಗಳು ಸರಿಯಿರಬೇಕು’ ಎಂಬ ಹಳೆಯ ಷರತ್ತನ್ನು 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಮಗು ಏನು ಮಾಡಬಲ್ಲದು ಎಂಬುದನ್ನು ಪರೀಕ್ಷಿಸಬೇಕು ಎಂದಿತು ಎಂದಷ್ಟೇ ಇಲ್ಲಿ ಹೇಳುತ್ತೇನೆ.

ಇಲ್ಲಿ ಇನ್ನೊಂದು ಮಾತು ಹೇಳಬೇಕು, ನಮ್ಮವರೇ ಬೇಸರಪಟ್ಟುಕೊಂಡರೂ ಸರಿ. ರಾಯಚೂರಿಗೆ ಏಮ್ಸ್ ಬೇಕು ಎಂದು 2022ರಿಂದ ನಡೆದಿರುವ ಧರಣಿ ನ್ಯಾಯವಾದದ್ದು, ಆಸ್ಪತ್ರೆಗಾಗಿಯಾದರೂ ಅದು ಬರಲೇಬೇಕು. ಆದರೆ ಏಮ್ಸ್ ಬಂದರೆ ನಮ್ಮ ಮಕ್ಕಳು ಡಾಕ್ಟರಾಗುತ್ತಾರೆ ಎಂಬ ಭಾಷಣವನ್ನು ನಾನು ನಂಬುವುದಿಲ್ಲ. ಏಮ್ಸ್‌ಗಳ ಎಂಬಿಬಿಎಸ್ ಸೀಟುಗಳು ದೇಶಮಟ್ಟದ ಕೌನ್ಸೆಲಿಂಗ್‌ನಲ್ಲಿ ತುಂಬುತ್ತವೆ. ಅಲ್ಲಿ 371(ಜೆ) ಇಲ್ಲ, ಗ್ರಾಮೀಣ ಇಲ್ಲ, ಕನ್ನಡ ಮಾಧ್ಯಮ ಇಲ್ಲ. ಪಕ್ಕದ ಓಣಿಯಲ್ಲಿ ಏಮ್ಸ್ ಇದ್ದರೂ ತಾಂಡಾದ ಹುಡುಗಿಗೆ ಅದು ದೆಹಲಿಯಷ್ಟೇ ದೂರ.

ಹಾಗಾದರೆ ಏನು ಮಾಡಬೇಕು? ನೀಟ್ ಬೇಡ ಎಂದು ರಾಜ್ಯದ ವಿಧಾನಮಂಡಲ 2024ರ ಜುಲೈನಲ್ಲಿ ನಿರ್ಣಯ ಅಂಗೀಕರಿಸಿತು. ಅದು ದೆಹಲಿಯ ಕೈಯಲ್ಲಿರುವ ವಿಷಯ. ಗ್ರಾಮೀಣ ನಿಯಮ ನಮ್ಮ ಕೈಯಲ್ಲೇ ಇದೆ. ತಮಿಳುನಾಡು 2020ರಲ್ಲಿ ಆರರಿಂದ ಹನ್ನೆರಡನೇ ತರಗತಿವರೆಗೆ ಸರ್ಕಾರಿ ಶಾಲೆಯಲ್ಲಿ ಓದಿ ನೀಟ್ ಪಾಸಾದ ಮಕ್ಕಳಿಗೆ ವೈದ್ಯಕೀಯ ಸೀಟುಗಳಲ್ಲಿ ಶೇ 7.5 ಮೀಸಲಿಟ್ಟಿತು, ಮದ್ರಾಸ್ ಹೈಕೋರ್ಟ್ 2022ರಲ್ಲಿ ಅದನ್ನು ಎತ್ತಿಹಿಡಿಯಿತು. ಮಧ್ಯಪ್ರದೇಶವೂ ಸರ್ಕಾರಿ ಶಾಲೆಯ ಮಕ್ಕಳಿಗೆ ಶೇ 5 ಕೊಟ್ಟಿದೆ. ಅಲ್ಲಿ ಶಾಲೆ ಯಾವ ಊರಿನದು ಎಂದು ಕೇಳುವುದಿಲ್ಲ, ಶಾಲೆ ಯಾರದು ಎಂದು ಕೇಳುತ್ತಾರೆ. ರಾಯಚೂರಿನ ಕೊಳೆಗೇರಿಯ ಹುಡುಗನೂ ಗುಳೆ ಹೋಗಿ ಬಂದ ಹುಡುಗಿಯೂ ಒಂದೇ ನಿಯಮದಲ್ಲಿ ಒಳಗೆ ಬರುತ್ತಾರೆ. ಕರ್ನಾಟಕ ಗ್ರಾಮೀಣ ಮೀಸಲಾತಿಯನ್ನು ತೆಗೆಯಬೇಕಿಲ್ಲ. ಹತ್ತರಲ್ಲಿ ಎಂಟು ವರ್ಷ ಎಂದು ಸಡಿಲಿಸಿದರೆ ಸಾಕು. ಸರ್ಕಾರವೇ ಆರಿಸಿ ಕಳಿಸಿದ ವಸತಿ ಶಾಲೆ, ಆದರ್ಶ ಶಾಲೆಗಳ ವರ್ಷಗಳನ್ನು ಮಗುವಿನ ಮನೆ ಇರುವ ಊರಿನ ಲೆಕ್ಕಕ್ಕೆ ಹಾಕಿದರೆ ಸಾಕು.

ಸಡಿಲಿಸಿದರೆ ಸುಳ್ಳು ಪತ್ರಗಳು ಬರುತ್ತವೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸುಳ್ಳು ಜಾತಿ ಪ್ರಮಾಣಪತ್ರದಿಂದ ಈ ಭಾಗದ ನಿಜವಾದ ಪಂಗಡದ ಮಕ್ಕಳು ಸೀಟು ಕಳೆದುಕೊಂಡ ನೋವು ನನಗೆ ಗೊತ್ತು. ಆದರೆ ಶಾಲೆಯ ವಿಷಯದಲ್ಲಿ ಆ ಭಯಕ್ಕೆ ಈಗ ಜಾಗ ಕಡಿಮೆ. ಪ್ರತಿ ಮಗು ಯಾವ ವರ್ಷ ಯಾವ ಶಾಲೆಯಲ್ಲಿ ಓದಿತು ಎಂಬುದು ಶಿಕ್ಷಣ ಇಲಾಖೆಯ ಸ್ಯಾಟ್ಸ್ ದಾಖಲೆಯಲ್ಲಿದೆ. ಆ ಶಾಲೆ ಹಳ್ಳಿಯದೋ ಪಟ್ಟಣದ್ದೋ, ಸರ್ಕಾರಿಯೋ ಖಾಸಗಿಯೋ, ಮಾಧ್ಯಮ ಯಾವುದು ಎಂಬುದು ಯುಡೈಸ್ ದಾಖಲೆಯಲ್ಲಿದೆ. ಜಾತಿ ಪತ್ರವನ್ನು ಅದರ ಮೇಲಿರುವ ಆರ್‌ಡಿ ಸಂಖ್ಯೆಯಿಂದ ಕೂತಲ್ಲೇ ಪರಿಶೀಲಿಸುವ ಕೆಇಎ ಇದನ್ನೂ ಹಾಗೆಯೇ ಪರಿಶೀಲಿಸಬಹುದು. ಹತ್ತು ವರ್ಷದಲ್ಲಿ ನಾಲ್ಕು ಶಾಲೆ ಬದಲಿಸಿದ ಮಗುವಿನ ಅಪ್ಪ ನಾಲ್ಕು ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜಿಗೆ ಅಲೆದು, ಕೂಲಿ ಕಳೆದುಕೊಳ್ಳುವುದು ನಿಲ್ಲುತ್ತದೆ.

ತಾಂಡಾದ ಹುಡುಗಿಯ ಅರ್ಜಿಯಲ್ಲಿ ನಾವು ಗ್ರಾಮೀಣ ಎಂಬ ಅಂಕಣಕ್ಕೆ ‘ಇಲ್ಲ’ ಎಂದು ಗುರುತು ಹಾಕಿದೆವು. ಕನ್ನಡ ಮಾಧ್ಯಮಕ್ಕೆ, 371(ಜೆ)ಗೆ ‘ಹೌದು’. ಬೆಂಗಳೂರಿನ ಶಾಲೆಯ ಆ ಒಂದು ವರ್ಷದ ಅಂಕಪಟ್ಟಿ ಅವಳ ಚೀಲದಲ್ಲಿ ನಾಲ್ಕಾಗಿ ಮಡಚಿ ಇತ್ತು, ಮಡಿಕೆಯ ಗೆರೆಯಲ್ಲಿ ಕಾಗದ ಹರಿಯಲು ಶುರುವಾಗಿತ್ತು. ಅವಳ ಅವ್ವ ಅಷ್ಟು ವರ್ಷ ಅದನ್ನು ಟ್ರಂಕಿನಲ್ಲಿ ಕಾಪಾಡಿ ಇಟ್ಟಿದ್ದಳಂತೆ, ಎಂದಾದರೂ ಯಾರಾದರೂ ಕೇಳಿದರೆ ಮಗಳು ಒಂದು ವರ್ಷವೂ ಶಾಲೆ ತಪ್ಪಿಸಿಲ್ಲ ಎಂದು ತೋರಿಸಲಿಕ್ಕೆ.